ಕಾಲುಚೀಲವನ್ನು ತಿರುವಿ ಹಾಕಿ ನೋಡಿದ್ದೀರಾ?

ಎಳೆ ಮಗುವಿಗೆ ಕೆಮ್ಮು ಎಂದು ತಾಯಿ ಕರೆತರುತ್ತಾರೆ. ಎದೆಗೆ ಸ್ಟೆತಾಸ್ಕೋಪ್ ಇಡಬೇಕು. ಮೊದಲು ಕುಲಾವಿಯ ಲಾಡಿ ಬಿಚ್ಚಬೇಕು; ಅದು ಕಗ್ಗಂಟಾಗಿರುತ್ತದೆ. ಆಮೇಲೆ ಸ್ವೆಟರ್. ಅದರ ಕತ್ತು ಎಷ್ಟು ಕಿರಿದೆಂದರೆ ಕಿವಿ ಮಡಚಿಕೊಂಡೇ ಹೊರಬರಬೇಕು. ಒಳಗೆ ಬೆನ್ನ ಕಡೆ ಗುಂಡಿಯಿರುವ ಲೇಸಿನ ಫ್ರಾಕು. ಇಷ್ಟೆಲ್ಲ ಕಳಚುವ ಹೊತ್ತಿಗೆ ಮಗು ಕಿರುಚಿ ಅಳುತ್ತಿರುತ್ತದೆ. ಶ್ವಾಸಕೋಶದ ಸದ್ದು ಕೇಳುವುದೆಲ್ಲಿಂದ ಬಂತು? ಈ ಉಡುಪುಗಳನ್ನು ಹೊಲಿಯುವವರು ಒಮ್ಮೆಯಾದರೂ ಮಗುವಿಗೆ ಬಟ್ಟೆ ತೊಡಿಸಿದ್ದಾರೆಯೇ ಎಂಬ ಅನುಮಾನ ನನಗೆ ಬಹಳ ದಿನಗಳಿಂದ ಇದೆ.

ಬರೀ ಕಿರಿಕಿರಿಯಾಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಕೆಲವು ವರ್ಷಗಳ ಹಿಂದೆ ಎರಡೂವರೆ ತಿಂಗಳ ಕೂಸೊಂದನ್ನು ಬೆಳಗಿನ ಜಾವ ನನ್ನಲ್ಲಿಗೆ ಕರೆತಂದರು. ರಾತ್ರಿಯಿಡೀ ಅಳು. ಹೊಟ್ಟೆನೋವಿರಬೇಕೆಂದು ಅಜ್ಜಿ ಹೊಕ್ಕುಳ ಸುತ್ತ ಇಂಗು ಹಚ್ಚಿದ್ದರು, ದೃಷ್ಟಿಯನ್ನೂ ತೆಗೆದಿದ್ದರು. ಹೊಟ್ಟೆ ಮೆತ್ತಗಿತ್ತು, ಕಿವಿ, ಗಂಟಲು ಸರಿಯಾಗಿದ್ದವು. ಕೊನೆಗೆ ಉಣ್ಣೆಯ ಕಾಲುಚೀಲ ಕಳಚಿದಾಗ ಒಂದು ಬೆರಳು ದ್ರಾಕ್ಷಿಹಣ್ಣಿನಂತೆ ಊದಿ ಕೆಂಪಗಾಗಿತ್ತು. ಬುಡದಲ್ಲಿ ಸಣ್ಣ ಗೆರೆ. ಅದು ಚರ್ಮದ ಮಡಿಕೆಯಲ್ಲ, ಕಾಲುಚೀಲದ ಒಳಗಿನಿಂದ ಬಿಟ್ಟುಕೊಂಡಿದ್ದ ನೂಲಿನ ಎಳೆ!

ಮಗು ಕಾಲಾಡಿಸಿದಂತೆಲ್ಲ ಸಡಿಲ ಎಳೆ ಬೆರಳಿಗೆ ಸುತ್ತಿಕೊಳ್ಳುತ್ತದೆ. ಬೆರಳಿಗೆ ರಕ್ತ ತರುವ ನಾಳ ಸುಲಭವಾಗಿ ಮುಚ್ಚುವುದಿಲ್ಲ. ರಕ್ತವನ್ನು ಹಿಂದಕ್ಕೊಯ್ಯುವ ನಾಳ ಮೊದಲು ಮುಚ್ಚುತ್ತದೆ. ಬಂದ ರಕ್ತ ಅಲ್ಲೇ ನಿಂತು ಬೆರಳು ಊದುತ್ತದೆ. ಊದಿದಷ್ಟೂ ಎಳೆ ಇನ್ನೂ ಬಿಗಿಯಾಗಿ, ಚರ್ಮದೊಳಗೆ ಹುದುಗಿ, ಕಣ್ಣಿಗೆ ಕಾಣದಂತಾಗುತ್ತದೆ. ತಡವಾದರೆ ಬೆರಳೇ ಸತ್ತುಹೋಗಬಹುದು. ನಾನು ಹೇಳಿದ ಕೂಸಿನ ಎಳೆಯನ್ನು ಭೂತಗನ್ನಡಿ ಹಿಡಿದು ಬಿಡಿಸಿದೆವು, ಬೆರಳು ಉಳಿಯಿತು. ತಾಯಿಯ ತಲೆಗೂದಲೂ ಇದೇ ಕೆಲಸ ಮಾಡುತ್ತದೆ. ಹೆರಿಗೆಯಾದ ಎರಡು ಮೂರು ತಿಂಗಳಿಗೆ ಕೂದಲು ಹೆಚ್ಚು ಉದುರುವುದು ಸಹಜ. ಅದು ಮಗುವಿನ ಬಟ್ಟೆಯೊಳಗೆ ಸೇರಿಕೊಳ್ಳುವುದೂ ಅಷ್ಟೇ ಸಹಜ.

ಆದ್ದರಿಂದ ಹಾಲು ಕುಡಿಸಿದರೂ, ಎತ್ತಿ ಆಡಿಸಿದರೂ ಮಗು ಅಳು ನಿಲ್ಲಿಸದಿದ್ದರೆ, ಗ್ರೈಪ್ ವಾಟರ್ ಹುಡುಕುವ ಮೊದಲು ಮಗುವನ್ನು ಪೂರ್ತಿ ಬರಿಮೈ ಮಾಡಿ. ಒಳ್ಳೆಯ ಬೆಳಕಿನಲ್ಲಿ ಕೈಕಾಲಿನ ಒಂದೊಂದು ಬೆರಳನ್ನೂ ಬಿಡಿಸಿ ನೋಡಿ. ಗಂಡು ಮಗುವಾದರೆ ಶಿಶ್ನವನ್ನೂ ನೋಡಲೇಬೇಕು, ಸಂಕೋಚ ಬೇಡ. ಎಳೆಯ ತುದಿ ಕಂಡರೆ ನಿಧಾನವಾಗಿ ಬಿಡಿಸಿ. ಹುದುಗಿದ್ದರೆ ಬ್ಲೇಡಿನಿಂದ ಕೆದಕಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಹೊಸ ಕಾಲುಚೀಲ, ಕೈಚೀಲಗಳನ್ನು ಒಳಹೊರಗು ಮಾಡಿ ಸಡಿಲ ಎಳೆಗಳನ್ನು ಕತ್ತರಿಸಿ. ಪ್ರತಿ ಸಲ ಒಗೆದ ಮೇಲೂ ನೋಡಿ. ಮುಖ ಪರಚಿಕೊಳ್ಳುತ್ತದೆಂದು ಕೈಚೀಲ ಹಾಕುವ ಬದಲು ಮಗು ಮಲಗಿರುವಾಗ ಉಗುರು ಕತ್ತರಿಸುವುದು ಮೇಲು. ಮುಂದೆ ಪೂರ್ತಿ ತೆರೆಯುವ, ಹಳೆಯ ಮೆತ್ತನೆ ಹತ್ತಿ ಬಟ್ಟೆಯ ಜುಬ್ಬಕ್ಕಿಂತ ಒಳ್ಳೆಯದನ್ನು ನಾನಿನ್ನೂ ಕಂಡಿಲ್ಲ.

ಏಪ್ರಿಲ್ ಬಿಸಿಲಿನಲ್ಲೂ ಉಣ್ಣೆ ಕುಲಾವಿ ಹಾಕಿಸಿ ‘ಮೈ ಸುಡುತ್ತಿದೆ ಡಾಕ್ಟ್ರೇ’ ಎನ್ನುವವರಿದ್ದಾರೆ. ಬಟ್ಟೆ ಸಡಿಲಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಜ್ವರ ನೋಡಿ. ಆದರೆ ಮಗು ಮಂಕಾಗಿದ್ದರೆ, ಹಾಲು ಬಿಟ್ಟಿದ್ದರೆ ಅಥವಾ ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಇನ್ನು ಚಕ್ರದ ವಾಕರ್. ಅದರಿಂದ ಮಗು ಬೇಗ ನಡೆಯುವುದಿಲ್ಲ. ಮೆಟ್ಟಿಲಿನತ್ತ, ಒಲೆಯತ್ತ ಮಾತ್ರ ಬೇಗ ತಲುಪುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು. ನಾಮಕರಣಕ್ಕೆ ಯಾರಾದರೂ ಉಡುಗೊರೆ ಕೊಟ್ಟಿದ್ದರೆ ಚಕ್ರ ಕಳಚಿ ಅಟ್ಟಕ್ಕೆ ಹಾಕಿ. ಮತ್ತೊಬ್ಬರಿಗೆ ದಾಟಿಸಬೇಡಿ.