ಮಣ್ಣು ಜರಿದರೆ ಏನೆನ್ನಬೇಕು?

ಮಳೆಗಾಲದ ಸಂಜೆ ಚಹಾಕ್ಕೆ ನೀರಿಟ್ಟು ಸುದ್ದಿ ಕೇಳುತ್ತಿದ್ದೀರಿ. ಅಂಬೋಲಿ ಘಾಟಿನಲ್ಲಿ “ದರಡ ಕೋಸಳಲೀ” ಎನ್ನುತ್ತದೆ ಮರಾಠಿ ಸುದ್ದಿ. ಕನ್ನಡ ಸುದ್ದಿಯಲ್ಲಿ ಅದು “ಭೂಕುಸಿತ”. ನಿಪ್ಪಾಣಿಯ ನಿಮ್ಮ ನೆರೆಯಾಕೆ, “ಗುಡ್ಡ ಜರದೈತಂತ್ರೀ” ಎನ್ನುತ್ತಾಳೆ. ಮಾತು ಮೂರು, ಸಂಗತಿ ಒಂದೇ.

ಇಂಗ್ಲಿಷಿನ ‘ಮಡ್‌ಸ್ಲೈಡ್’ ಇದರಲ್ಲೇ ಒಂದು ಬಗೆ. ಬರೀ ಬಂಡೆ ಉರುಳಿದರೆ ಆ ಹೆಸರು ಸಲ್ಲದು. ಇಳಿಜಾರಿನ ಮಣ್ಣು ಮಳೆನೀರು ಕುಡಿದು ಅಂಬಲಿಯಂತೆ ಹರಿದುಬಂದರೆ ಅದು ಮಡ್‌ಸ್ಲೈಡ್. ನಾವು ‘ಕೆಸರು ಕುಸಿತ’ ಎನ್ನೋಣ.

ಪರಾತದಲ್ಲಿ ಜೋಳದ ಹಿಟ್ಟು ಗುಡ್ಡೆ ಹಾಕಿ ನೋಡಿ. ತುಸು ನೀರು ಚಿಮುಕಿಸಿದರೆ ಹಿಟ್ಟು ಗಟ್ಟಿಯಾಗಿ ನಿಲ್ಲುತ್ತದೆ. ತಂಬಿಗೆ ನೀರು ಸುರಿದು ಪರಾತ ಓರೆ ಮಾಡಿದರೆ ಹರಿದೇ ಹೋಗುತ್ತದೆ. ಗುಡ್ಡದ ಮಣ್ಣಿನದೂ ಇದೇ ಕಥೆ. ಪುಣೆ ಜಿಲ್ಲೆಯ ಮಾಳೀಣ ಊರನ್ನು ಇದು 2014ರ ಜುಲೈ 30ರಂದು ಮುಚ್ಚಿತು. ಸುಮಾರು 150 ಜನ ತೀರಿಕೊಂಡರು. ಸರಿಯಾಗಿ ಹತ್ತು ವರ್ಷಕ್ಕೆ, 2024ರ ಜುಲೈ 30ರ ನಸುಕಿನಲ್ಲಿ, ಕೇರಳದ ವಯನಾಡಿನಲ್ಲಿ 200ಕ್ಕೂ ಹೆಚ್ಚು ಜನ ಮಲಗಿದ್ದಲ್ಲೇ ಕೆಸರು ಬಂಡೆಗಳ ಪಾಲಾದರು.

“ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಬಯಲು ಸೀಮಿ, ನಮಗೇನ್ರೀ?” ಎನ್ನುವಿರಾ? ತಾಳಿ ಸೋದರಿ. ನಮ್ಮಲ್ಲಿ ಗುಡ್ಡಕ್ಕಿಂತ ಹೆಚ್ಚಾಗಿ ಜರಿಯುವುದು ಮನೆಯ ಗೋಡೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದಾಗ ಹೊಳೆದಂಡೆಯ ಎಷ್ಟೋ ಮಣ್ಣಿನ ಮನೆಗಳು ನೆಲ ಕಂಡವು. ಇದನ್ನು ಭೂಕುಸಿತ ಎನ್ನುವುದಿಲ್ಲ, ಗೋಡೆ ಕುಸಿತ ಎನ್ನಬೇಕು. ಹೆಸರು ಬೇರೆಯಾದರೂ ಕಾರಣ ಮಾತ್ರ ನೀರು ಕುಡಿದ ಮಣ್ಣೇ.

ಹೆಸರಿನ ಈ ಭೇದ ಯಾಕೆ ಬೇಕು? ಎಚ್ಚರಿಕೆ ಬೇರೆ ಬೇರೆಯಾದ್ದರಿಂದ. ಘಟ್ಟದಲ್ಲಿ ಮರ, ಕಂಬಗಳು ವಾಲಿದರೆ, ತೊರೆಯ ನೀರು ಫಕ್ಕನೆ ರಾಡಿಯಾದರೆ, ಕೂಡಲೇ ಆ ಜಾಗ ಬಿಡಬೇಕು. ಮನೆಯ ಗೋಡೆಯ ಅಪಾಯವಾದರೋ ನೆರೆ ಇಳಿದ ಮೇಲೂ ಉಳಿದಿರುತ್ತದೆ. ಹೊರಗೆ ಆನಿಸಿ ನಿಂತಿದ್ದ ನೀರು ಸರಿಯುತ್ತದೆ. ತೊಯ್ದು ಭಾರವಾದ ಗೋಡೆಗೆ ಆಸರೆ ತಪ್ಪುತ್ತದೆ. ಗೋಡೆ ಹೊಟ್ಟೆ ಬಿಟ್ಟಿದೆಯೇ, ಹೊಸ ಬಿರುಕು ಬಂದಿದೆಯೇ, ಬಾಗಿಲು ಬಿಗಿಯುತ್ತಿದೆಯೇ ನೋಡಿಕೊಳ್ಳಿ. ತಿಳಿದವರು ಪರೀಕ್ಷಿಸುವವರೆಗೆ ಒಳಗೆ ಒಲೆ ಹೂಡಬೇಡಿ, ಕೂಸನ್ನು ಮಲಗಿಸಬೇಡಿ.

“ಹೊಳಿ ಇಳದೈತಿ, ಇನ್ನೇನ್ ಅಂಜಿಕಿ?” ಎಂದು ಮನೆಯವರು ಅವಸರ ಮಾಡಿದರೆ, “ಗ್ವಾಡಿ ಇನ್ನೂ ಹಸೀ ಐತಿ, ತಡೀರಿ” ಎಂದು ಹೇಳುವವರು ನೀವಾಗಿರಿ.