ಗೋರಿಗಳ ನಡುವೆ ಬಂದ ಆ ಕೈ!

ಭೂತ ಇಲ್ಲ, ರಕ್ತ ಇಲ್ಲ, ಬಂದೂಕಿನ ಸದ್ದೂ ಇಲ್ಲ. ಆದರೂ ಥಿಯೇಟರಿನಲ್ಲಿ ಕೂತವನು ಸೀಟಿನಿಂದ ಎಗರಿ ಬೀಳಬೇಕು! ಅಂಥ ಒಂದು ದೃಶ್ಯ ಹೇಳಿ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಒಂದೇ ಹೆಸರು: 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'. ಚಾರ್ಲ್ಸ್ ಡಿಕನ್ಸ್‌ನ ಕಾದಂಬರಿ, ಡೇವಿಡ್ ಲೀನ್ ನಿರ್ದೇಶನ, 1946ರ ಬ್ರಿಟಿಷ್ ಚಿತ್ರ. ಅದೂ ಕಪ್ಪು ಬಿಳುಪು!

ಇಂಗ್ಲೆಂಡಿನ ಕೆಂಟ್ ಸೀಮೆಯ ಜೌಗು ಬಯಲು. ಮುಸ್ಸಂಜೆ. ನೇಣುಗಂಬ ದಾಟಿ ಒಬ್ಬ ಪುಟ್ಟ ಹುಡುಗ ಓಡಿ ಬರ್ತಾನೆ. ಹೆಸರು ಪಿಪ್. ಅಪ್ಪ ಅಮ್ಮ ಇಲ್ಲದ ತಬ್ಬಲಿ. ಸಾಕುತ್ತಿರುವವರು ಅಕ್ಕ ಮತ್ತು ಕಮ್ಮಾರ ಭಾವ. ಹೆತ್ತವರ ಗೋರಿ ನೋಡಲು ಬಂದಿದ್ದಾನೆ. ಗಾಳಿ ಊಳಿಡುತ್ತೆ, ಬೋಳು ಮರ ಕಿರುಗುಟ್ಟುತ್ತೆ. ಹುಡುಗ ಹೆದರಿ ಓಡ್ತಾನೆ, ಕ್ಯಾಮೆರಾ ಅವನ ಹಿಂದೆಯೇ ತಿರುಗುತ್ತೆ... ಧಡ್! ಎದುರಿಗೇ ಒಬ್ಬ ದೈತ್ಯ! ಕಾಲಿಗೆ ಬೇಡಿ, ಮೈಯೆಲ್ಲ ಕೆಸರು. ಸೆರೆಮನೆ ಹಡಗಿನಿಂದ ತಪ್ಪಿಸಿಕೊಂಡ ಖೈದಿ ಮ್ಯಾಗ್ವಿಚ್!

ಗುಟ್ಟು ಇರೋದು ಕತ್ತರಿಯಲ್ಲಿ ಸ್ವಾಮಿ. ಖೈದಿಯ ಮುಖ ಸರಿಯಾಗಿ ಕಾಣುವ ಮೊದಲೇ ಶಾಟ್ ಕಟ್ ಆಗಿ, ಕಿರುಚುವ ಹುಡುಗನ ಮುಖ ಬರುತ್ತೆ. ಬಂದವನು ಯಾರು ಅಂತ ಹುಡುಗನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ! ಸಂಕಲನಕಾರ ಜಾಕ್ ಹ್ಯಾರಿಸ್. ಲೀನ್ ಕೂಡ ನಿರ್ದೇಶಕನಾಗುವ ಮೊದಲು ಹೆಸರಾಂತ ಸಂಕಲನಕಾರನೇ. ಸಿನಿಮಾ ಸಂಕಲನ ಕಲಿಯುವವರು ಓದುವ ಕಾರೆಲ್ ರೈಸ್‌ನ 1953ರ ಪುಸ್ತಕದಲ್ಲೂ ಈ ದೃಶ್ಯಕ್ಕೆ ಜಾಗ ಸಿಕ್ಕಿದೆ. ಛಾಯಾಗ್ರಹಣಕ್ಕೆ (ಗೈ ಗ್ರೀನ್) ಒಂದು, ಕಲಾ ನಿರ್ದೇಶನಕ್ಕೆ ಒಂದು, ಹೀಗೆ ಚಿತ್ರಕ್ಕೆ 2 ಆಸ್ಕರ್.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಬರೀ ಬೆಚ್ಚಿಬೀಳಿಸುವ ಆಟ ಅಲ್ಲ. ಅದರ ಮುಂದಿನ ಕಥೆ.

ತಿನ್ನೋದಕ್ಕೆ ಊಟ, ಬೇಡಿ ಕತ್ತರಿಸೋಕೆ ಅರ ತಾ, ತರದಿದ್ದರೆ ನಿನ್ನ ಕರುಳು ಬಗೆಯುತ್ತೇನೆ ಅಂತಾನೆ ಖೈದಿ. ಹುಡುಗ ರಾತ್ರಿಯಿಡೀ ನಡುಗಿ, ಮನೆಯಲ್ಲಿ ಕದ್ದು ತಂದು ಕೊಡ್ತಾನೆ. ಖೈದಿ ಗಬಗಬ ತಿನ್ನುವುದನ್ನು ನೋಡಿ, ನಿಮಗೆ ಹಿಡಿಸಿತಲ್ಲ, ಸಂತೋಷ ಅಂತಾನೆ! ಕೊಂದುಹಾಕ್ತೀನಿ ಅಂದವನಿಗೆ ಉಪಚಾರದ ಮಾತು! ಆ ಪಾಪಿಗೆ ಅಂಥ ಮಾತು ಯಾರು ಆಡಿದ್ದರು?

ಮುಂದೆ ಸೈನಿಕರು ಹಿಡಿದಾಗ ಖೈದಿ ಏನು ಮಾಡ್ತಾನೆ ಗೊತ್ತೆ? ಊಟ ಕದ್ದವನು ನಾನೇ ಅಂತ ತಪ್ಪು ತನ್ನ ಮೇಲೆ ಎಳ್ಕೊಳ್ತಾನೆ. ಹುಡುಗ ಬಚಾವ್! ವರ್ಷಗಳು ಉರುಳಿ ಪಿಪ್ (ಜಾನ್ ಮಿಲ್ಸ್) ಲಂಡನ್ನಿನಲ್ಲಿ ಸೂಟುಬೂಟಿನ ಸಾಹೇಬನಾದಾಗ, ಒಂದು ಬಿರುಗಾಳಿಯ ರಾತ್ರಿ ಬಾಗಿಲಿಗೆ ಅದೇ ಮನುಷ್ಯ ಬರ್ತಾನೆ. ಗಡೀಪಾರಾಗಿ ಆಸ್ಟ್ರೇಲಿಯಾದಲ್ಲಿ ಕುರಿ ಸಾಕಿ ದುಡಿದ ಹಣವನ್ನೆಲ್ಲ ಗುಟ್ಟಾಗಿ ಕಳಿಸಿದವನು ಇವನೇ! ಇಂಗ್ಲೆಂಡಿಗೆ ಕಾಲಿಟ್ಟರೆ ನೇಣು. ಆದರೂ ತನ್ನ ಹುಡುಗನನ್ನು ನೋಡಲು ಬಂದಿದ್ದಾನೆ. ಪಿಪ್‌ಗೆ ಮೊದಲು ಬರೋದು ಕೃತಜ್ಞತೆ ಅಲ್ಲ, ಅಸಹ್ಯ! ಆ ಅಸಹ್ಯ ಪ್ರೀತಿಯಾಗುವುದೇ ಚಿತ್ರದ ದ್ವಿತೀಯಾರ್ಧ. ಖೈದಿಯಾಗಿ ಫಿನ್ಲೇ ಕರಿ. ಆಗಲೇ ಎಪ್ಪತ್ತರ ಹತ್ತಿರದ ವಯಸ್ಸು. ಕಣ್ಣಲ್ಲೇ ಹೆದರಿಸಿ, ಕಣ್ಣಲ್ಲೇ ಅಳಿಸ್ತಾನೆ.

ಹಿಂದಿಯಲ್ಲಿ ಇದೇ ಕಥೆ 2016ರಲ್ಲಿ ಕಾಶ್ಮೀರಕ್ಕೆ ಬಂದು 'ಫಿತೂರ್' ಆಯ್ತು. ಖೈದಿಯ ಜಾಗದಲ್ಲಿ ತಲೆಮರೆಸಿಕೊಂಡ ಉಗ್ರಗಾಮಿಯಾಗಿ ಅಜಯ್ ದೇವಗನ್.

ಅಂದಹಾಗೆ ಈ ಲೀನ್ ನಮ್ಮ ಕಡೆಗೂ ಬಂದವನೇ! 'ಎ ಪ್ಯಾಸೇಜ್ ಟು ಇಂಡಿಯಾ' (1984) ಚಿತ್ರದ ಗುಹೆಗಳ ದೃಶ್ಯಗಳಿಗೆ ಸಾವನದುರ್ಗ, ರಾಮನಗರದ ಬಂಡೆಗಳನ್ನೇ ಆರಿಸಿಕೊಂಡ. ಅದರಲ್ಲಿ ಪ್ರೊಫೆಸರ್ ಗೋಡ್‌ಬೋಲೆ ಆದ ಅಲೆಕ್ ಗಿನ್ನೆಸ್, 1946ರ ಈ ಚಿತ್ರದಲ್ಲಿ ಪಿಪ್‌ನ ಜೀವದ ಗೆಳೆಯ!

ಚಿತ್ರ ಸಿಕ್ಕರೆ ಬಿಡಬೇಡಿ, ಗೆಳೆಯರೇ. ಆದರೆ ಒಂದು ಮಾತು: ತಡವಾಗಿ ಹೋಗಿ ಮೊದಲ ಐದು ನಿಮಿಷ ಕಳ್ಕೊಂಡ್ರೆ, ಟಿಕೆಟ್ಟಿನ ಅರ್ಧ ಕಾಸು ನೀರುಪಾಲು!