ಭೂಶಾಖ ಯಂತ್ರವೂ ಬಾಳೆಹಣ್ಣಿನ ಮಳಿಗೆಯೂ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದು ಎಲ್ಲರೂ ಬಲ್ಲ ವಿಷಯ. ಬೇಸಗೆಯ ಬಿಸಿಲಾಗಲಿ ಮಾಗಿಯ ಚಳಿಯಾಗಲಿ ನೆಲದ ಆಳಕ್ಕೆ ಇಳಿಯದೆಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಚೈತ್ರ ವೈಶಾಖಗಳಲ್ಲಿ ಹೊರಗಿನ ಗಾಳಿಯು 35 ಡಿಗ್ರಿಯವರೆಗೆ ಕಾಯ್ದರೂ, ಹತ್ತು ಮೀಟರ್ ಆಳದಲ್ಲಿ ನೆಲದ ಉಷ್ಣಮಾನವು ವರ್ಷದ ಸರಾಸರಿಗೆ ಸಮೀಪವಾಗಿ, ಸುಮಾರು 25 ಡಿಗ್ರಿಯ ಆಸುಪಾಸಿನಲ್ಲಿ, ಸ್ಥಿರವಾಗಿರುತ್ತದೆ. ಈ ಗುಣವನ್ನು ಉಪಯೋಗಿಸಿಕೊಳ್ಳುವ ಸಾಧನವೇ ಭೂಶಾಖ ಯಂತ್ರ. 1912ರಲ್ಲಿ ಸ್ವಿಟ್ಜರ್ಲೆಂಡಿನ ಹೈನ್ರಿಖ್ ಜೋಲಿ ಎಂಬ ಯಂತ್ರಶಿಲ್ಪಿಯು ಇದಕ್ಕೆ ಪೇಟೆಂಟು ಪಡೆದನು. ಆದರೆ ಚಳಿನಾಡುಗಳಲ್ಲಿ ಇದು ಮುಖ್ಯವಾಗಿ ಮನೆಯನ್ನು ಬೆಚ್ಚಗಿಡಲು ಬಂದಿತು. ನಮ್ಮಲ್ಲಿ ಬೇಕಾದುದು ತಂಪು. ಈ ಭೇದವನ್ನು ಮರೆತು ಯಂತ್ರ ಕೊಂಡವರ ಹಣವು ನೆಲದ ಪಾಲಾಗುವುದು.

ಯಂತ್ರದ ಕ್ರಮ ಹೀಗಿದೆ. 60ರಿಂದ 100 ಮೀಟರ್ ಆಳದ ಕೊಳವೆ ಬಾವಿಗಳಲ್ಲಿ ಪಾಲಿಥೀನ್ ಕೊಳವೆಗಳನ್ನು ಇಳಿಸಿ, ಅವುಗಳಲ್ಲಿ ನೀರನ್ನು ಸುತ್ತಿಸಲಾಗುತ್ತದೆ. ಮಳಿಗೆಯ ಶಾಖವನ್ನು ಕಂಪ್ರೆಸರು ಹೀರಿ ಈ ನೀರಿಗೆ ಕೊಡುತ್ತದೆ. ನೀರು ಅದನ್ನು ನೆಲಕ್ಕೆ ಬಿಡುತ್ತದೆ. ಸಾಧಾರಣ ಶೀತಯಂತ್ರವು ಶಾಖವನ್ನು ಬಿಸಿಗಾಳಿಗೇ ತಳ್ಳಬೇಕಾದುದರಿಂದ ಹೆಚ್ಚು ಶ್ರಮಪಡುತ್ತದೆ. ಭೂಶಾಖ ಯಂತ್ರವು ಒಂದು ಯೂನಿಟ್ ವಿದ್ಯುತ್ತಿಗೆ 3ರಿಂದ 4 ಯೂನಿಟ್ಟಿನಷ್ಟು ಶಾಖವನ್ನು ಹೊರಗೆ ಸಾಗಿಸಬಲ್ಲದು.

ನಂಜನಗೂಡಿನಲ್ಲಿ ಇದಕ್ಕೆ ತಕ್ಕ ಕಟ್ಟಡವೆಂದರೆ ಬಾಳೆಹಣ್ಣಿನ ಮಳಿಗೆ. ಬಾಳೆಕಾಯಿಯು 13 ಡಿಗ್ರಿಗಿಂತ ಕೆಳಗೆ ತಂಪಾದರೆ ಸಿಪ್ಪೆ ಕಪ್ಪಾಗಿ ಕೆಡುತ್ತದೆ. 16ರಿಂದ 18 ಡಿಗ್ರಿಯಲ್ಲಿ ಸಮನಾಗಿ ಮಾಗುತ್ತದೆ. ಇಂತಹ ಮಳಿಗೆಗೆ ವರ್ಷವಿಡೀ ಹದವಾದ ತಂಪು ಬೇಕಾಗುವುದರಿಂದ ಯಂತ್ರವು ಸುಮ್ಮನೆ ನಿಲ್ಲುವುದಿಲ್ಲ.

ಆದರೆ ಇಲ್ಲಿಯೇ ಒಂದು ಅಪಾಯವಿದೆ. ಚಳಿನಾಡಿನಲ್ಲಿ ಬೇಸಗೆಯಲ್ಲಿ ನೆಲಕ್ಕೆ ಸೇರಿದ ಶಾಖವನ್ನು ಚಳಿಗಾಲದಲ್ಲಿ ಹಿಂದಕ್ಕೆ ತೆಗೆಯುತ್ತಾರೆ. ನಮ್ಮಲ್ಲಿ ಸೇರುವುದುಂಟು, ತೆಗೆಯುವುದಿಲ್ಲ. ಹೀಗೆ ಹಲವು ವರ್ಷ ನಡೆದರೆ ಬಾವಿಗಳ ಸುತ್ತಲಿನ ನೆಲವೇ ಕಾಯ್ದು ಯಂತ್ರದ ಲಾಭ ಕುಂದುತ್ತದೆ. ಇದಕ್ಕೆ ಪರಿಹಾರ ಎರಡು: ಬಾವಿಗಳ ನಡುವೆ 6 ಮೀಟರಿಗೆ ಕಡಮೆಯಿಲ್ಲದ ಅಂತರವಿರಿಸುವುದು, ಶಾಖದ ಒಂದು ಭಾಗವನ್ನು ನೀರು ಕಾಯಿಸಲು ತಿರುಗಿಸುವುದು. ಕಪಿಲೆಯ ಕೆಳದಂಡೆಯ ನರಸೀಪುರವು ರೇಷ್ಮೆಗೆ ಹೆಸರಾದ ಊರು. ಅಲ್ಲಿ ನೂಲು ಬಿಚ್ಚುವವರು ಗೂಡು ಬೇಯಿಸುವ ನೀರನ್ನು ಇದರಿಂದ 50 ಡಿಗ್ರಿಯವರೆಗೆ ಮುಂಚೆಯೇ ಬೆಚ್ಚಗೆ ಮಾಡಿಕೊಂಡರೆ ಸೌದೆಯೂ ಉಳಿಯುತ್ತದೆ.

ಯಂತ್ರವನ್ನು ಹೂಡಲಿಚ್ಛಿಸುವ ಜಮೀನುದಾರರು ಮೊದಲು ಮಳಿಗೆಯ ಛಾವಣಿ ಗೋಡೆಗಳಿಗೆ ಶಾಖ ತಡೆಯುವ ಹೊದಿಕೆ ಹಾಕಿಸತಕ್ಕದ್ದು. ಇದರಿಂದ ಬಾವಿಗಳ ಸಂಖ್ಯೆಯೇ ಇಳಿಯುತ್ತದೆ. ಅನಂತರ ಒಂದೇ ಬಾವಿ ಕೊರೆಸಿ, ಎರಡು ದಿನ ಬಿಸಿನೀರನ್ನು ಸುತ್ತಿಸಿ, ನೆಲವು ಎಷ್ಟು ಶಾಖ ಹೀರುವುದೆಂದು ಅಳೆಸಬೇಕು. ಇಲ್ಲಿಯ ಗಟ್ಟಿಕಲ್ಲು ಒಣಮಣ್ಣಿಗಿಂತ ಚೆನ್ನಾಗಿ ಶಾಖ ಹೀರುತ್ತದೆ; ಆದರೆ ಕೊರೆಯುವ ವೆಚ್ಚ ಅಧಿಕ. ಬಾವಿಯ ಸಂದನ್ನು ಬೆಂಟೊನೈಟ್ ಜೇಡಿಯಿಂದ ಭದ್ರವಾಗಿ ಮುಚ್ಚಿಸದಿದ್ದರೆ ಮೇಲಿನ ಕೊಳೆನೀರು ಇಳಿದು ಊರಿನ ಕುಡಿಯುವ ನೀರು ಕೆಟ್ಟೀತು. ಗ್ರಾಮದ ಮುಖಂಡರು ಇದನ್ನು ಅವಶ್ಯವಾಗಿ ಗಮನಿಸತಕ್ಕದ್ದು.

ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ತೆರೆಯುವ ಅಂಗಡಿಗೆ ಈ ಯಂತ್ರ ಸಲ್ಲದು. ತಂಪೂ ಬಿಸಿನೀರೂ ನಿತ್ಯ ಬೇಕಾಗುವೆಡೆಯಲ್ಲಿ, ಪರೀಕ್ಷೆಯ ಫಲ ಅನುಕೂಲವಾಗಿದ್ದರೆ, ಹೂಡಿದ ಹಣ ಕ್ರಮೇಣ ಕೈಸೇರುವುದು.